ಸದ್ದಿಲ್ಲದ ಚೀಲ

ನಲವತ್ತೆರಡು ವರ್ಷ ನಾನು ಚೀಲ ಹೊಲಿದು ಬದುಕಿದವನು. ಶಾಲೆಯ ಮಕ್ಕಳ ಚೀಲ, ಅಂಚೆಯವರ ಚೀಲ, ಬಡಗಿಗಳು ಉಳಿ ಸುತ್ತಿಗೆ ಹಾಕಿಕೊಳ್ಳುವ ಚೀಲ, ಎಲ್ಲವೂ ನನ್ನ ಕೈಯಿಂದ ಹೋಗಿವೆ. ಚೀಲ ಗಟ್ಟಿಯಾಗಿರಬೇಕು, ಹೊತ್ತವರ ಹೆಗಲನ್ನು ಕೊಯ್ಯಬಾರದು. ನನ್ನ ವಿದ್ಯೆ ಇಷ್ಟೇ ಆಗಿತ್ತು. ಅದಕ್ಕಿಂತ ಹೆಚ್ಚಿನದನ್ನು ನಾನು ಕಲಿತದ್ದು ಎಪ್ಪತ್ತು ದಾಟಿದ ಮೇಲೆ, ನನ್ನ ಸೊಸೆಯಿಂದ.

ಅವಳೂ ನನ್ನ ಮಗನೂ ಜೊತೆಯಾಗಿ ವಿಡಿಯೋ ತೆಗೆಯುವ ಕೆಲಸ ಮಾಡುತ್ತಿದ್ದರು. ಕ್ಯಾಮೆರಾ ಹಿಡಿಯುವವಳು ಅವಳು. ಹೊರುವುದು, ಜೋಡಿಸುವುದು, ಬ್ಯಾಟರಿ ಬದಲಿಸುವುದು, ಅವಳು ಕೇಳುವ ಮೊದಲೇ ಬೇಕಾದ ಲೆನ್ಸನ್ನು ಕೈಗಿಡುವುದು ಅವನ ಪಾಲು. ಹದಿನಾಲ್ಕು ತಿಂಗಳ ಹಿಂದೆ ಅವನಿಗೆ ಮೂರು ದಿನ ಜ್ವರ ಬಂತು. ನಾಲ್ಕನೆಯ ದಿನ ಅವನಿರಲಿಲ್ಲ. ಕ್ಯಾಮೆರಾ ಕಪಾಟು ಸೇರಿತು. ಸೊಸೆ ಯಾವುದೋ ಕಚೇರಿಯಲ್ಲಿ ಕುಳಿತು, ಬೇರೆಯವರು ತೆಗೆದ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವ ಕೆಲಸಕ್ಕೆ ಹೋಗತೊಡಗಿದಳು. ಬೆಳಿಗ್ಗೆ ಹೋಗಿ ಸಂಜೆ ಬರುವಳು. ಮಾತಾಡಿಸಿದರೆ ಮಾತಾಡುವಳು.

ಒಂದು ಸಂಜೆ ಅವಳು ಮೇಲಿನ ಮನೆಗೆ ಹೋಗದೆ ನೇರವಾಗಿ ಕೆಳಗಿನ ನನ್ನ ಅಂಗಡಿಗೇ ಬಂದಳು. ಹೊಲಿಗೆಯಂತ್ರದ ಮೇಲೆ ಒಂದು ಹಾಳೆ ಇಟ್ಟಳು.

“ಮಾವ, ಇದನ್ನ ಓದಿ. ಇದರಲ್ಲಿ ಎಷ್ಟು ಕೆಲಸ ಒಂದು ಚೀಲದ ಕೈಲಿ ಆಗುತ್ತೆ, ಹೇಳಿ.”

ಹಾಳೆಯ ತಲೆಯಲ್ಲಿ ‘ಅವರು ಮಾಡುತ್ತಿದ್ದದ್ದು’ ಎಂದು ಬರೆದಿತ್ತು. ಅದರ ಕೆಳಗೆ ಹದಿನೇಳು ಸಾಲು. ಬೆನ್ನ ಮೇಲೆ ಹೊರುವುದು. ಲೆನ್ಸ್ ಬದಲಿಸುವಾಗ ಎರಡು ಅಂಗೈ ಜೋಡಿಸಿ ಮೇಜಿನಂತೆ ಹಿಡಿಯುವುದು. ಖಾಲಿ ಬ್ಯಾಟರಿಯೂ ತುಂಬಿದ ಬ್ಯಾಟರಿಯೂ ಬೆರೆಯದಂತೆ ನೋಡಿಕೊಳ್ಳುವುದು. ಕ್ಯಾಮೆರಾ ಅಲುಗದಂತೆ ತಾನು ಬಗ್ಗಿ ಬೆನ್ನು ಕೊಡುವುದು. ಮಳೆ ಬಂದರೆ ಹೊದಿಸುವುದು. ಹೀಗೆ ಸಾಗಿತ್ತು. ಹದಿಮೂರನೆಯ ಸಾಲಿನಿಂದ ಮುಂದಿನದನ್ನೆಲ್ಲ ಅವಳೇ ಗೀಟು ಎಳೆದು ಹೊಡೆದುಹಾಕಿದ್ದಳು. ಗೀಟಿನ ಕೆಳಗೂ ಓದಲು ಬರುತ್ತಿತ್ತು: ‘ನನಗೆ ಬೇಜಾರಾದರೆ ಕಾಲೆಳೆಯುವುದು.’

ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಅವಳು ಬೀದಿಯ ಕಡೆ ನೋಡುತ್ತ ನಿಂತಳು.

“ಹನ್ನೆರಡು ಆಗಬಹುದು,” ಎಂದೆ. “ಆದರೆ ಯಾಕೆ?”

ಆಗ ಹೇಳಿದಳು. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವ ಒಂದು ವಾರ್ಡು. ಅಲ್ಲಿನ ಕೆಲಸವನ್ನು ಹೊಸ ನರ್ಸುಗಳಿಗೆ ಕಲಿಸಲು ವಿಡಿಯೋ ಬೇಕಂತೆ, ಆರು ತಿಂಗಳ ಕೆಲಸ. ವಾರ್ಡಿನ ಹಿರಿಯ ನರ್ಸ್ ಮೂರು ಷರತ್ತು ಹಾಕಿದ್ದರು. ಒಳಗೆ ಬರುವವರು ಒಬ್ಬರೇ. ಯಾವ ವಸ್ತುವನ್ನೂ ನೆಲದ ಮೇಲಾಗಲಿ ಮೇಜಿನ ಮೇಲಾಗಲಿ ಇಡುವಂತಿಲ್ಲ. ಸದ್ದು ಕೂಡದು. ಐದು ವಾರದ ಮೇಲೆ ಒಂದು ಗಂಟೆಯ ಪರೀಕ್ಷೆ. ಇವಳಿಂದ ಒಂದು ಕೂಸು ಎಚ್ಚರವಾದರೂ ಕೆಲಸ ಬೇರೆಯವರಿಗೆ.

“ಆಗದೆ ಹೋದರೆ?”

“ಆಗದೆ ಹೋದರೆ ಕ್ಯಾಮೆರಾ ಮಾರಿಬಿಡ್ತೀನಿ ಮಾವ. ಒಬ್ಬಳೇ ಮಾಡೋಕಾಗುತ್ತೋ ಇಲ್ಲವೋ ಅಂತ ಒಂದು ಸಲ ಗೊತ್ತಾಗಲಿ. ದಿನಾ ಕಪಾಟು ನೋಡ್ಕೊಂಡು ಬದುಕೋಕಾಗಲ್ಲ.”

ಅಂಗಡಿಗಳಲ್ಲಿ ಕ್ಯಾಮೆರಾ ಚೀಲಗಳಿಗೆ ಬರವಿಲ್ಲ. ನಾವಿಬ್ಬರೂ ಹೋಗಿ ನೋಡಿದೆವು. ಎಲ್ಲವೂ ನೆಲದ ಮೇಲೆ ಮಲಗಿಸಿ ತೆರೆಯುವಂಥವು. ನಿಂತಲ್ಲೇ ಬೆನ್ನಿನಿಂದ ಎದೆಯ ಕಡೆಗೆ ತಿರುಗಿಸಿಕೊಂಡು, ಅದರ ಮೇಲೇ ಕೆಲಸ ಮಾಡುವಂಥದು ಅವಳಿಗೆ ಬೇಕಾಗಿತ್ತು. ಮೊದಲು ರಟ್ಟಿನಲ್ಲಿ ಮಾಡಿದೆವು. ಅವಳು ಹಳೆಯ ರಟ್ಟಿನ ಡಬ್ಬಿಗಳನ್ನು ಕತ್ತರಿಸಿ, ಅಂಟಿಸಿ, ಹಗ್ಗದಲ್ಲಿ ಸೊಂಟಕ್ಕೆ ಕಟ್ಟಿಕೊಂಡು ಅಂಗಡಿಯ ತುಂಬ ಓಡಾಡುವಳು. ನನ್ನ ಹೆಂಡತಿ ಮೆಟ್ಟಿಲಿನ ಮೇಲೆ ಕುಳಿತು ನೋಡುವಳು.

“ಏನೇ ಇದು, ಸಾಮಾನು ಮಾರೋಕೆ ಹೊರಟವಳ ಹಾಗೆ ಕಾಣ್ತೀಯ.”

“ಕೊಳ್ತೀರಾ ಅತ್ತೆ?”

“ಮೊದಲು ಆ ಡಬ್ಬಿ ಮೇಲಿರೋ ಸಾಬೂನಿನ ಹೆಸರು ಅಳಿಸು. ಆಮೇಲೆ ಬೆಲೆ ಮಾತಾಡೋಣ.”

ಹದಿನಾಲ್ಕು ತಿಂಗಳಲ್ಲಿ ಅವರಿಬ್ಬರೂ ಒಟ್ಟಿಗೆ ನಕ್ಕದ್ದನ್ನು ನಾನು ಕೇಳಿದ್ದು ಆವತ್ತೇ. ನಾನು ತಲೆ ತಗ್ಗಿಸಿ ಬಟ್ಟೆಯ ಅಳತೆ ತೆಗೆಯುವವನಂತೆ ನಟಿಸಿದೆ.

ಸೊಸೆಯ ಕೆಲಸದ ರೀತಿ ನೋಡಿ ನನಗೆ ಬೆರಗಾಗುತ್ತಿತ್ತು. ನಾವು ಹಳಬರು ಚೀಲವನ್ನು ಹೊರಗಿನಿಂದ ಯೋಚಿಸುತ್ತೇವೆ: ಇಷ್ಟು ಉದ್ದ, ಇಷ್ಟು ಅಗಲ, ಇಲ್ಲೊಂದು ಜೇಬು. ಅವಳು ಕೈಯಿಂದ ಯೋಚಿಸುವಳು. ಕಣ್ಣು ಮುಚ್ಚಿ, ಎಡಗೈಯಲ್ಲಿ ಕ್ಯಾಮೆರಾ ಹಿಡಿದಂತೆ ನಿಂತು, ಬಲಗೈ ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿ ರಟ್ಟಿನ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು ಹಾಕುವಳು. ನಲವತ್ತು ಸಲ ಹಾಗೆ ಮಾಡಿ, ಗುರುತುಗಳು ಒತ್ತಾಗಿ ಬಿದ್ದ ಜಾಗದಲ್ಲೇ ಲೆನ್ಸಿನ ಗೂಡು ಬರಬೇಕು ಎನ್ನುವಳು. ಬ್ಯಾಟರಿಗೆ ಎರಡು ಜೇಬು. ತುಂಬಿದ್ದರ ಜೇಬಿನ ಒಳಗೆ ಮೆತ್ತನೆಯ ಬಟ್ಟೆ, ಖಾಲಿಯಾದದ್ದರ ಒಳಗೆ ಒರಟು ಬಟ್ಟೆ, ಕತ್ತಲೆಯಲ್ಲೂ ಬೆರಳಿಗೆ ತಿಳಿಯಲಿ ಎಂದು. ಚೀಲದ ಮುಚ್ಚಳವನ್ನು ಕೆಳಕ್ಕೆ ಇಳಿಸಿದರೆ ಎರಡು ಹುರಿಗಳ ಮೇಲೆ ತೂಗಿ ನಿಂತು ತಟ್ಟೆಯಾಗಬೇಕು. ಮೇಲಂಚಿನಲ್ಲಿ ಗಟ್ಟಿ ಫೋಮಿನ ದಿಂಬು, ಕ್ಯಾಮೆರಾ ಊರಿ ನಿಲ್ಲಿಸುವುದಕ್ಕೆ. ಇಷ್ಟು ವರ್ಷ ನನ್ನ ಹತ್ತಿರ ಚೀಲ ಕೊಂಡವರು ಸಾವಿರಾರು ಮಂದಿ. ಅವರ ಬೆರಳು ಎಲ್ಲಿಗೆ ಹೋಗುತ್ತದೆ ಎಂದು ನಾನು ಒಬ್ಬರನ್ನೂ ಕೇಳಿದವನಲ್ಲ.

ಮೊದಲ ಬಟ್ಟೆಯ ಚೀಲ ಎರಡು ವಾರದಲ್ಲಿ ಸಿದ್ಧವಾಯಿತು. ಭಾರ ನೋಡಬೇಕಲ್ಲ, ನಾನು ಒಂದು ಉಪಾಯ ಮಾಡಿದೆ. ಕ್ಯಾಮೆರಾ, ಲೆನ್ಸುಗಳು, ಬ್ಯಾಟರಿ, ಮೈಕು, ಒಂದೊಂದರ ತೂಕವನ್ನೂ ಸೊಸೆಯಿಂದ ಬರೆಸಿಕೊಂಡು, ಅಷ್ಟಷ್ಟೇ ತೂಕದ ಮರಳನ್ನು ಚಿಕ್ಕ ಚಿಕ್ಕ ಬಟ್ಟೆಯ ಗಂಟುಗಳಲ್ಲಿ ಕಟ್ಟಿ ಒಳಗಿಟ್ಟೆ. ನಾವು ಹೊಸ ಚೀಲವನ್ನು ಪರೀಕ್ಷಿಸುವುದು ಯಾವಾಗಲೂ ಮರಳಿನಿಂದಲೇ. ಅವಳು ಹೊತ್ತು ತಿರುಗಿಸಿದಳು. ಬೆಣ್ಣೆಯಲ್ಲಿ ಕೂದಲು ಎಳೆದಂತೆ ಚೀಲ ಸೊಂಟದ ಪಟ್ಟಿಯ ಮೇಲೆ ಜಾರಿ ಎದೆಗೆ ಬಂತು. ನಾನು ಹಿಗ್ಗಿ ಹೀರೇಕಾಯಿಯಾದೆ.

ಮರುದಿನ ಅವಳು ನಿಜವಾದ ಸಾಮಾನು ತುಂಬಿ ತಿರುಗಿಸಿದಾಗ ಚೀಲ ಅರ್ಧ ದಾರಿಯಲ್ಲಿ ವಾಲಿ, ಅದರ ಮೂಲೆ ಅವಳ ಸೊಂಟದ ಮೂಳೆಗೆ ಬಡಿಯಿತು. ಸಂಜೆಗೆ ಅಲ್ಲಿ ನೀಲಿಗಟ್ಟಿತ್ತು.

“ಮರಳು ಮರ್ಯಾದಸ್ಥ ಮಾವ,” ಎಂದಳು ಸೊಸೆ. “ತಳದಲ್ಲಿ ಇಳಿದು ಕೂತ್ಕೋ ಅಂದ್ರೆ ಕೂತ್ಕೊಳ್ಳುತ್ತೆ. ಕ್ಯಾಮೆರಾ ಹಾಗಲ್ಲ. ಅದರ ತೂಕ ಎಲ್ಲ ಮೂತಿಯಲ್ಲಿದೆ.”

“ನಿನ್ನ ಅತ್ತೆ ಹಾಗೆ ಅನ್ನು,” ಎಂದೆ. ಮೇಲಿನಿಂದ, “ಕೇಳಿಸ್ತು,” ಎಂದು ಉತ್ತರ ಬಂತು.

“ಮೊದಲ ದಿನವೇ ಕ್ಯಾಮೆರಾ ಇಟ್ಟು ಯಾಕೆ ನೋಡಲಿಲ್ಲ ನೀವು? ಕಪಾಟಿನ ಬೀಗದ ಕೈ ನಿಮ್ಮ ಹತ್ರಾನೇ ಇತ್ತಲ್ಲ.”

ಹೊಲಿಗೆ ಬಿಚ್ಚಿ ಬಿದ್ದೀತು ಎಂದು ಹೇಳಬಹುದಾಗಿತ್ತು. ಅದು ಅರ್ಧ ಸತ್ಯ. ಆ ಕ್ಯಾಮೆರಾದ ಪಟ್ಟಿಯಲ್ಲಿ ಮಗನ ಕೈ ಬೆವರಿನ ಕಲೆ ಇತ್ತು. ಅದನ್ನು ಮುಟ್ಟುವ ಧೈರ್ಯ ನನಗಿರಲಿಲ್ಲ. ಸೊಸೆಗೆ ನಾನು ಹೇಳದೆಯೇ ತಿಳಿಯಿತು. ಅವಳು ಕ್ಯಾಮೆರಾವನ್ನು ತಂದು ನನ್ನ ತೊಡೆಯ ಮೇಲಿಟ್ಟಳು.

“ಇದು ದೇವರಲ್ಲ ಮಾವ. ಕೆಲಸದ ಸಾಮಾನು. ಹಿಡ್ಕೊಳ್ಳಿ, ಭಾರ ಎಲ್ಲಿದೆ ನೋಡಿ.”

ನಾನು ಹಿಡಿದುಕೊಂಡೆ. ಭಾರ ಮೂತಿಯಲ್ಲೇ ಇತ್ತು. ಅಂದೇ ಚೀಲವನ್ನು ಪೂರ್ತಿ ಬಿಚ್ಚಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕ್ಯಾಮೆರಾದ ಗೂಡನ್ನು ಬೆನ್ನಿಗೆ ಒತ್ತಾಗಿ ಸರಿಸಿ, ಮೂತಿ ಕೆಳಗಾಗಿ ಕೂರುವಂತೆ ಮಾಡಿ, ಸೊಂಟದ ಪಟ್ಟಿಯನ್ನು ನಾಲ್ಕು ಬೆರಳು ಅಗಲ ಮಾಡಿದೆ. ಎರಡನೆಯ ಚೀಲ ವಾಲಲಿಲ್ಲ.

ಆದರೆ ಅದು ಕಿರುಚುತ್ತಿತ್ತು. ತಟ್ಟೆಯ ಮುಚ್ಚಳಕ್ಕೆ ನಾನು ವೆಲ್ಕ್ರೋ ಪಟ್ಟಿ ಹಾಕಿದ್ದೆ. ಬೇಗ ತೆರೆಯುತ್ತದೆ, ಗಟ್ಟಿಯಾಗಿ ಹಿಡಿಯುತ್ತದೆ. ಸೊಸೆ ಅದನ್ನು ಎಳೆದು ತೆರೆದಾಗ ಬಟ್ಟೆ ಹರಿದಂತೆ ಪರ್ರೆಂದಿತು. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಮಲಗಿದ ಕೂಸುಗಳು ಇಬ್ಬರ ಕಣ್ಣ ಮುಂದೆಯೂ ಬಂದಿರಬೇಕು.

ಬೀದಿಯ ಆ ಕಡೆ ಜಿಪ್ಪು, ಬಕಲು, ನೂಲು ಮಾರುವವನೊಬ್ಬನಿದ್ದಾನೆ. ಅವನ ನಿಜವಾದ ಹೆಸರು ಅವನ ಹೆಂಡತಿಗೂ ಮರೆತಿದೆಯೋ ಏನೋ, ಎಲ್ಲರಿಗೂ ಅವನು ಜಿಪ್ಪಣ್ಣ. ಅವನ ಬಳಿ ಹೋಗಿ ಸದ್ದಿಲ್ಲದ ಜಿಪ್ಪು ಬೇಕು ಎಂದೆ.

“ಯಜಮಾನ್ರೇ, ಇಪ್ಪತ್ತು ವರ್ಷದಿಂದ ಗಟ್ಟಿ ಜಿಪ್ಪು ಕೊಡು ಅಂತ ಪ್ರಾಣ ತಿಂದ್ರಿ. ಈಗ ಮೂಕ ಜಿಪ್ಪು ಕೇಳ್ತಿದ್ದೀರಿ. ನಾಳೆ ಹಲ್ಲಿಲ್ಲದ ಜಿಪ್ಪು ಕೇಳ್ತೀರಿ.”

“ಇದ್ದರೆ ಅದನ್ನೂ ಕೊಡು.”

ಅವನು ಅಯಸ್ಕಾಂತದ ಗುಂಡಿಗಳನ್ನು ತೋರಿಸಿದ. ಅವು ಟಕ್ಕೆಂದು ಕಚ್ಚುತ್ತಿದ್ದವು. ಬೇರೆ ಬೇರೆ ಬಗೆಯ ಜಿಪ್ಪುಗಳನ್ನು ಕಿವಿಯ ಹತ್ತಿರ ಹಿಡಿದು ಎಳೆದು ನೋಡುತ್ತ ಸೊಸೆ ಅವನ ಅಂಗಡಿಯಲ್ಲಿ ಒಂದು ಮಧ್ಯಾಹ್ನವೆಲ್ಲ ಕಳೆದಳು. ಕೊನೆಗೆ ಹಲ್ಲು ಚಿಕ್ಕದಾದ ಪ್ಲಾಸ್ಟಿಕ್ ಜಿಪ್ಪೊಂದನ್ನು ಆರಿಸಿ, ಅದಕ್ಕೆ ಮೇಣದಬತ್ತಿ ಉಜ್ಜಿ, ಲೋಹದ ಎಳೆಗುಂಡಿ ಕಿತ್ತು ಅದರ ಜಾಗದಲ್ಲಿ ಬಟ್ಟೆಯ ಹುರಿ ಕಟ್ಟಿದಳು. ಮುಚ್ಚಳಕ್ಕೆ ಮಾತ್ರ ನನ್ನ ಹಳೆಯ ವಿದ್ಯೆ ನೆರವಿಗೆ ಬಂತು: ಬಟ್ಟೆಯನ್ನೇ ಸುತ್ತಿ ಸುತ್ತಿ ಮಾಡಿದ ಗುಂಡಿ, ಹತ್ತಿಯ ದಾರದ ಕುಣಿಕೆ. ಹೆಬ್ಬೆರಳಿನಿಂದ ಒತ್ತಿದರೆ ಬಿಚ್ಚಿಕೊಳ್ಳುತ್ತದೆ, ಉಸಿರು ಬಿಟ್ಟಷ್ಟೂ ಸದ್ದಿಲ್ಲ. “ಇದು ನನಗೆ ಹೊಳೀತಾನೇ ಇರಲಿಲ್ಲ ಮಾವ,” ಎಂದು ಅವಳು ಆ ಗುಂಡಿಯನ್ನು ಹತ್ತು ಸಲ ಹಾಕಿ ತೆಗೆದಳು. ಈ ವಯಸ್ಸಿನಲ್ಲಿ ಹೊಗಳಿಕೆಗೆ ಮನಸ್ಸು ಸೋಲಬಾರದು; ಸೋತಿತು.

ಸದ್ದನ್ನು ಅಳೆಯಲು ಅವಳ ಬಳಿ ಮೈಕು ಇತ್ತು. ಆದರೂ ಅವಳಿಗೆ ಸಮಾಧಾನವಾಗಲಿಲ್ಲ.

“ಎಷ್ಟು ಸದ್ದು ಅಂತ ಮೈಕು ಹೇಳುತ್ತೆ. ಸುಮ್ಮನೆ ಇರೋ ಜೀವಕ್ಕೆ ಅದರಿಂದ ತೊಂದರೆ ಆಯ್ತಾ ಅಂತ ಅದಕ್ಕೆ ಗೊತ್ತಾಗಲ್ಲ. ಬೆಳಿಗ್ಗೆ ನೀವು ಪ್ರಾರ್ಥನೆಗೆ ಕೂತಾಗ ನಾನು ಹಿಂದೆ ನಿಂತು ಕೆಲಸ ಮಾಡ್ತೀನಿ. ನಿಮಗೆ ಕೇಳಿಸಿದರೆ ಹೇಳಿ.”

“ಒಳ್ಳೆ ಕಿವೀನೇ ಹುಡುಕಿದೆ,” ಎಂದಳು ನನ್ನ ಹೆಂಡತಿ. “ಒಂದು ಬಿಂದಿಗೆ ನೀರು ತನ್ನಿ ಅಂತ ಕೂಗಿದರೆ ಕೇಳಲ್ಲ. ತಿಂಡಿ ಡಬ್ಬಿ ಮುಚ್ಚಳ ತೆಗೆದರೆ ಬೀದಿಯಿಂದ ಬರ್ತಾರೆ.”

ಚಿಕ್ಕಂದಿನಿಂದ ನಾನು ಬೆಳಗಿನ ಪ್ರಾರ್ಥನೆ ತಪ್ಪಿಸಿದವನಲ್ಲ. ಕೋಣೆಯ ಮೂಲೆಯಲ್ಲಿ ಚಾಪೆ ಹಾಕಿ ಅರ್ಧ ಗಂಟೆ ಕೂರುವೆ. ಮಗ ಹೋದ ಮೇಲೂ ಕೂರುತ್ತಿದ್ದೆ, ಆದರೆ ಅದು ಪ್ರಾರ್ಥನೆಯಾಗಿರಲಿಲ್ಲ. ದೇವರನ್ನು ಯಾಕೆ ಎಂದು ಕೇಳುವುದು, ಉತ್ತರ ಬಾರದೆ ಇದ್ದಾಗ ಸುತ್ತಲಿನ ಸದ್ದುಗಳಿಗೆ ಕಿವಿ ಕೊಡುವುದು. ನಲ್ಲಿಯಲ್ಲಿ ನೀರು ಬಂತು, ಮೊದಲ ಬಸ್ಸು ಹೋಯಿತು, ಪಕ್ಕದ ಮನೆಯವರ ಚಿಲಕ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆದರೆ ದಿನವೂ ಸದ್ದಿಗೇ ಕಿವಿ ಕೊಟ್ಟು ಕೂರುತ್ತಿದ್ದ ನನಗಿಂತ ಒಳ್ಳೆಯ ಕಿವಿ ಸೊಸೆಗೆ ಸಿಗುವಂತಿರಲಿಲ್ಲ.

ಮೊದಲ ದಿನ ಒಂಬತ್ತು ಸದ್ದು ಎಣಿಸಿದೆ. ಹುರಿಯ ತುದಿ ಬಟ್ಟೆಗೆ ತಾಗುವುದು, ಲೆನ್ಸಿನ ಮುಚ್ಚಳ ತಟ್ಟೆಯ ಮೇಲೆ ಉರುಳುವುದು, ಫೋಮು ಕೀರಲಿಡುವುದು. ಅವಳು ಬರೆದುಕೊಂಡಳು. ಹಗಲೆಲ್ಲ ನಾವು ಅವುಗಳನ್ನು ಒಂದೊಂದಾಗಿ ಹಿಡಿದು ಹೊಲಿದು ಮುಚ್ಚಿದೆವು. ಎರಡನೆಯ ದಿನ ಆರು. ಆಮೇಲೆ ನಾಲ್ಕು. ಪರೀಕ್ಷೆಗೆ ಎರಡು ದಿನ ಉಳಿದಾಗ ಒಂದು, ಅದೂ ಅವಳ ಬಳೆಯದು. ಅವಳು ಬಳೆ ತೆಗೆದಿಟ್ಟಳು.

ಪರೀಕ್ಷೆಯ ಹಿಂದಿನ ಸಂಜೆ ನನಗೊಂದು ಹೆದರಿಕೆ ಹುಟ್ಟಿತು. ಹೆಗಲಪಟ್ಟಿಯನ್ನು ಹಿಡಿದಿದ್ದ ಪ್ಲಾಸ್ಟಿಕ್ ಕೊಂಡಿಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತ್ತು. ಚೀಲ ಕಳಚಿ ಕೂಸಿನ ಪೆಟ್ಟಿಗೆಯ ಮೇಲೆ ಬಿದ್ದರೆ ಏನು ಗತಿ? ಕೊಂಡಿ ತೆಗೆದು, ಜಿಪ್ಪಣ್ಣನ ಅಂಗಡಿಯ ಉಕ್ಕಿನ ಬಳೆಯಂಥ ರಿಂಗೊಂದನ್ನು ಹಾಕಿ, ನಾಲ್ಕು ಸುತ್ತು ಹೊಲಿದೆ. ಗಟ್ಟಿ ಮಾಡಿದ್ದೇನೆ ಎಂದು ಸೊಸೆಗೆ ಹೇಳಿದೆ. ಅವಳು ಎಳೆದು ನೋಡಿ ತಲೆಯಾಡಿಸಿದಳು.

ಬೆಳಿಗ್ಗೆ ಎಂದಿನಂತೆ ಚಾಪೆಯ ಮೇಲೆ ಕುಳಿತೆ. ಅವಳು ಚೀಲ ಹೊತ್ತು ಹಿಂದೆ ನಿಂತದ್ದು ಗೊತ್ತು. ನಲ್ಲಿಯ ನೀರು ಕೇಳಿಸಿತು, ಬಸ್ಸೂ ಕೇಳಿಸಿತು. ಅಷ್ಟರಲ್ಲಿ ಅವಳ ಸೊಂಟದ ಮೇಲಿನ ನೀಲಿ ಗುರುತು ನೆನಪಾಯಿತು. ಈ ಹುಡುಗಿ ಐದು ವಾರ ಒಂದು ಮಾತು ಗೊಣಗಲಿಲ್ಲ, ಅಳಲಿಲ್ಲ, ಮಾಡಿದ್ದನ್ನು ಹತ್ತು ಸಲ ಕೆಡವಿ ಕಟ್ಟಿದಳು. ದೇವರೇ, ಇವತ್ತು ಇವಳ ಕೈ ನಡುಗದಿರಲಿ ಎಂದು ಬೇಡಿದೆ. ಮಗ ಹೋದ ಮೇಲೆ ನಾನು ದೇವರನ್ನು ಏನನ್ನಾದರೂ ಬೇಡಿದ್ದು ಅದೇ ಮೊದಲು. ಆಮೇಲೆ ಬೇಡುವುದೂ ನಿಂತಿತು. ಕಣ್ಣು ತೆರೆದಾಗ ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು.

ಸೊಸೆ ಮುಂದೆ ಬಂದು ಕುಳಿತಿದ್ದಳು. “ಮಾವ? ಎಷ್ಟು?”

“ಒಂದೂ ಇಲ್ಲ.”

ಅವಳ ಮುಖ ಅರಳಿತು. ಅದನ್ನು ಕಂಡು ನಾನು ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಒಂಬತ್ತಕ್ಕೆ ಅವಳು ಆಸ್ಪತ್ರೆಯಲ್ಲಿರಬೇಕು. ಆ ಹೊತ್ತಿನಲ್ಲಿ ಅವಳಿಗೆ ಬೇಕಾದದ್ದು ಧೈರ್ಯ. ಆದರೆ ಸುಳ್ಳು ಸಾಕ್ಷಿಯ ಧೈರ್ಯ ಎಷ್ಟು ಹೊತ್ತು ನಿಂತೀತು?

“ನನ್ನ ಮಾತು ನಂಬಬೇಡಮ್ಮ,” ಎಂದೆ. “ಚೀಲದಿಂದ ಸದ್ದು ಬರಲಿಲ್ಲ ಅಂತ ಹೇಳೋಕೆ ನನಗಾಗಲ್ಲ. ನಾನೇ ಇಲ್ಲಿರಲಿಲ್ಲ.”

“ನಿದ್ದೆ ಬಂತಾ?”

“ಇಲ್ಲ. ಪ್ರಾರ್ಥನೆ ಆಯ್ತು.”

ಅವಳು ಚಾಪೆಯ ಅಂಚಿಗೆ ಸರಿದು ಕುಳಿತಳು.

“ಎಷ್ಟು ದಿನ ಆಗಿತ್ತು ಮಾವ?”

“ಅವನು ಹೋದಾಗಿನಿಂದ.”

ಬೇಸರ ಪಟ್ಟುಕೊಳ್ಳಲು ಅವಳಿಗೆ ಕಾರಣವಿತ್ತು. ಅವಳು ಪಟ್ಟುಕೊಳ್ಳಲಿಲ್ಲ. ನನ್ನ ಅಂಗೈಯನ್ನು ಒಮ್ಮೆ ಒತ್ತಿ ಎದ್ದಳು.

“ಅತ್ತೆ, ಸ್ವಲ್ಪ ಬನ್ನಿ. ಗೋಡೆ ಕಡೆ ಮುಖ ಮಾಡಿ ಕೂತ್ಕೊಳ್ಳಿ.”

“ನನಗ್ಯಾಕೆ ಶಿಕ್ಷೆ?” ಎನ್ನುತ್ತಲೇ ನನ್ನ ಹೆಂಡತಿ ಕುಳಿತಳು. ಸೊಸೆ ಹಿಂದೆ ನಿಂತು ಚೀಲವನ್ನು ಎದೆಗೆ ತಿರುಗಿಸಿದಳು, ತಟ್ಟೆ ಇಳಿಸಿದಳು, ಲೆನ್ಸ್ ಬದಲಿಸಿದಳು, ಬ್ಯಾಟರಿ ಬದಲಿಸಿದಳು, ಮತ್ತೆ ಬೆನ್ನಿಗೆ ತಿರುಗಿಸಿದಳು.

“ಎರಡು ಸಲ,” ಎಂದಳು ನನ್ನ ಹೆಂಡತಿ. “ಟಿಣ್ ಅಂತು. ಹೆಗಲ ಹತ್ರ. ಚಮಚ ಲೋಟಕ್ಕೆ ತಾಗಿದ ಹಾಗೆ.”

ಉಕ್ಕಿನ ಬಳೆ! ಪಟ್ಟಿಯ ಲೋಹದ ಕೊಕ್ಕೆ ಅದಕ್ಕೆ ತಾಗುತ್ತಿತ್ತು. ನಲವತ್ತೆರಡು ವರ್ಷದ ನನ್ನ ಗಟ್ಟಿತನದ ಹುಚ್ಚು ಕೊನೆಯ ಗಳಿಗೆಯಲ್ಲಿ ಅವಳ ಕೆಲಸ ಕೆಡಿಸುವುದರಲ್ಲಿತ್ತು. ಹಣೆ ಚಚ್ಚಿಕೊಂಡೆ. “ಚಚ್ಚಿಕೊಳ್ಳೋದು ಆಮೇಲೆ,” ಎಂದು ನನ್ನ ಹೆಂಡತಿ ಸೂಜಿಗೆ ನೂಲು ಪೋಣಿಸಿ ಕೊಟ್ಟಳು. ಬಳೆಗೂ ಕೊಕ್ಕೆಗೂ ಮೆತ್ತನೆಯ ತೊಗಲಿನ ಹೊದಿಕೆ ಹಾಕಿ, ಕೈಯಿಂದಲೇ ಒತ್ತಾಗಿ ಹೊಲಿದೆ. ಇಪ್ಪತ್ತು ನಿಮಿಷ ಹಿಡಿಯಿತು. ಗೋಡೆಯ ಕಡೆ ಮುಖ ಮಾಡಿ ಮತ್ತೆ ಕುಳಿತ ಹೆಂಡತಿ, “ಈಗ ನಿಮ್ಮ ಉಸಿರಾಟ ಮಾತ್ರ ಕೇಳಿಸ್ತಿದೆ,” ಎಂದಳು.

ಹೊಲಿಗೆ ಬಿಚ್ಚಿದರೆ ಇರಲಿ ಎಂದು ಸೂಜಿದಾರ ಜೇಬಿನಲ್ಲಿಟ್ಟುಕೊಂಡು ನಾನೂ ಜೊತೆಗೆ ಹೋದೆ. ವಾರ್ಡಿನ ಹೊರಗೆ ಗಾಜಿನ ಗೋಡೆ, ಎದುರಿಗೊಂದು ಬೆಂಚು. ಚೀಲವನ್ನು ಮದ್ದಿನ ನೀರಿನಲ್ಲಿ ಒರೆಸಿ ಒಳಗೆ ಬಿಟ್ಟರು. ಹಿರಿಯ ನರ್ಸ್ ಗಿಡ್ಡ ಹೆಂಗಸು, ಕಣ್ಣು ಬಹಳ ಚುರುಕು. ಕೈಕಟ್ಟಿ ಒಂದು ಮೂಲೆಯಲ್ಲಿ ನಿಂತರು.

ಒಳಗೆ ಹನ್ನೊಂದು ಪೆಟ್ಟಿಗೆಗಳಿದ್ದವು. ನನ್ನ ಅಂಗೈಗಿಂತ ಸ್ವಲ್ಪವೇ ದೊಡ್ಡದಾದ ಕೂಸುಗಳು. ಅವುಗಳ ನಡುವೆ ನನ್ನ ಸೊಸೆ ನಡೆದ ರೀತಿಯನ್ನು ನಾನು ಸಾಯುವವರೆಗೆ ಮರೆಯಲಾರೆ. ಪಾದ ಊರುವ ಮೊದಲು ನೆಲವನ್ನು ಕೇಳುವವಳಂತೆ ನಡೆಯುತ್ತಿದ್ದಳು. ಒಂದು ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಸೊಂಟ ಕೊಂಚ ತಿರುಗಿಸಿದಳು; ಚೀಲ ಬೆನ್ನಿನಿಂದ ಎದೆಗೆ ಬಂದು ನಿಂತಿತು. ಕಣ್ಣು ಅಲ್ಲಿ ಕೆಲಸದಲ್ಲಿದ್ದ ಇನ್ನೊಬ್ಬ ನರ್ಸಿನ ಕೈಯ ಮೇಲೆಯೇ ಇತ್ತು, ಅವಳ ಬೆರಳು ತಾನಾಗಿ ಗುಂಡಿ ಬಿಚ್ಚಿ ಲೆನ್ಸ್ ತೆಗೆದುಕೊಂಡಿತು. ಮೇಲಂಚಿನ ದಿಂಬಿಗೆ ಕ್ಯಾಮೆರಾ ಊರಿ, ಉಸಿರು ಹಿಡಿದು, ಒಂದು ಕೂಸಿನ ಹಿಮ್ಮಡಿಗೆ ನರ್ಸ್ ಪಟ್ಟಿ ಅಂಟಿಸುವುದನ್ನು ಚಿತ್ರಿಸಿದಳು. ಅವಳನ್ನು ಬಿಟ್ಟು ಆ ಕೋಣೆಯಲ್ಲಿ ಇನ್ನೊಬ್ಬರು ಬೇಕಾಗಿತ್ತು ಎಂದು ಯಾರಿಗೂ ಅನ್ನಿಸುವಂತಿರಲಿಲ್ಲ. ಹಾಗೆ ಅನ್ನಿಸದೆ ಇದ್ದದ್ದರಿಂದ ನನಗೆ ನೋವೂ ಆಯಿತು, ಹೆಮ್ಮೆಯೂ ಆಯಿತು.

ನಲವತ್ತನೆಯ ನಿಮಿಷಕ್ಕೆ ಒಂದು ಕೂಸು ಬಾಯಿ ತೆರೆದು ಅಳತೊಡಗಿತು. ಗಾಜಿನೀಚೆ ನನಗೆ ಸದ್ದು ಕೇಳಿಸಲಿಲ್ಲ, ಮುಖ ಕೆಂಪಾದದ್ದು ಕಂಡಿತು. ಸೊಸೆ ಇದ್ದಲ್ಲೇ ನಿಂತುಬಿಟ್ಟಳು. ಹಿರಿಯ ನರ್ಸ್ ಗೋಡೆಯ ಗಡಿಯಾರ ನೋಡಿದರು, ಸೊಸೆಯನ್ನು ನೋಡಿದರು, ಹೋಗಿ ಪೆಟ್ಟಿಗೆಯೊಳಗೆ ಕೈ ಹಾಕಿದರು. ಏನೋ ಹೇಳಿದರು. ಸೊಸೆ ಕ್ಯಾಮೆರಾವನ್ನು ಮತ್ತೆ ಕಣ್ಣಿಗೆ ಏರಿಸಿ, ಅವರು ಆ ಕೂಸಿಗೆ ಹನಿ ಹನಿಯಾಗಿ ಹಾಲು ಕೊಡುವುದನ್ನು ತೆಗೆಯತೊಡಗಿದಳು.

ಗಂಟೆ ಮುಗಿದ ಮೇಲೆ ಇಬ್ಬರೂ ಹೊರಗೆ ಬಂದರು.

“ಅವನಿಗೆ ಹಸಿವು,” ಎಂದರು ಹಿರಿಯ ನರ್ಸ್ ನನಗೆ, ನಾನು ಕೇಳದಿದ್ದರೂ. “ಹತ್ತು ಗಂಟೆಗೆ ಸರಿಯಾಗಿ ಅಳ್ತಾನೆ, ಅವನಿಗೆ ಗಡಿಯಾರವೇ ಬೇಡ. ಇವರಿಂದ ಅಲ್ಲ.” ಸೊಸೆಯ ಕಡೆ ತಿರುಗಿ, “ನಾಳೆ ಆರಕ್ಕೆ ಬನ್ನಿ. ಪಾಳಿ ಬದಲಾಗೋದನ್ನ ತೆಗೀಬೇಕು,” ಎಂದು ಒಳಗೆ ಹೋದರು.

ಬಸ್ಸಿನಲ್ಲಿ ನಮಗೆ ಅಕ್ಕಪಕ್ಕದಲ್ಲಿ ಜಾಗ ಸಿಕ್ಕಿತು. ಚೀಲ ಅವಳ ತೊಡೆಯ ಮೇಲಿತ್ತು. ಅಳುತ್ತಾಳೇನೋ ಎಂದು ಓರೆಗಣ್ಣಿನಲ್ಲಿ ನೋಡಿದೆ. ಅವಳು ಎಡಹೆಗಲನ್ನು ಏರಿಸಿ ಇಳಿಸಿ, ಹುಬ್ಬು ಗಂಟಿಕ್ಕಿ ಏನನ್ನೋ ಲೆಕ್ಕ ಹಾಕುತ್ತಿದ್ದಳು.

“ದಣಿದಿದ್ದೀಯ, ಚೀಲ ಇಲ್ಲಿ ಕೊಡು, ನಾನು ಹಿಡ್ಕೋತೀನಿ,” ಎಂದೆ.

“ಬೇಡ ಮಾವ, ಇರಲಿ. ಅರ್ಧ ಗಂಟೆ ಆದ ಮೇಲೆ ಎಡಗಡೆ ಪಟ್ಟಿ ಎರಡು ಬೆರಳು ಜಾರುತ್ತೆ. ಮುಂದಿನ ಚೀಲದಲ್ಲಿ ಅದನ್ನ ಸರಿಮಾಡಬೇಕು. ಭಾರ ಎಲ್ಲಿ ಬೀಳುತ್ತೆ ಅಂತ ನೋಡ್ತಿದ್ದೀನಿ.”